ಚಿಂತೆಯೂ ಪ್ರಾರ್ಥನೆಯೂ: ಯೆಹೂದ್ಯರ ‘ಸೀಯಹ್’ ಶಬ್ದದ ವಿಚಾರ

ಪ್ರಾರ್ಥನೆಗೆ ನಿಂತವನ ಮನಸ್ಸಿನಲ್ಲಿ ಸಂಸಾರದ ಚಿಂತೆಯು ತಲೆಯೆತ್ತಿದರೆ ಅವನು ಮಾಡತಕ್ಕದ್ದೇನು? ಚಿಂತೆಯನ್ನು ಹೊರಗಟ್ಟಿ, ಮನಸ್ಸನ್ನು ಬರಿದುಮಾಡಿಕೊಂಡು, ಅನಂತರ ಪ್ರಾರ್ಥಿಸಬೇಕೆ? ಅಥವಾ ಆ ಚಿಂತೆಯನ್ನೇ ಪ್ರಾರ್ಥನೆಯ ವಸ್ತುವನ್ನಾಗಿ ಮಾಡಿಕೊಳ್ಳಬೇಕೆ? ನಮ್ಮಲ್ಲಿ ಯೋಗಶಾಸ್ತ್ರವನ್ನು ಓದಿದವರು ಮೊದಲನೆಯ ಪಕ್ಷವೇ ಸಿದ್ಧಾಂತವೆಂದು ಹೇಳಿಬಿಡುವರು. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ದೀರ್ಘವ್ಯಾಧಿಯೊಂದು ನೆಲೆಸಿದ್ದಾಗ, ಜಪಕ್ಕೆ ಕುಳಿತರೆ ಔಷಧದ ವೇಳೆಯೂ ವೈದ್ಯರ ಲೆಕ್ಕವೂ ನೆನಪಿಗೆ ಬರುತ್ತಿದ್ದುವೇ ಹೊರತು ಮತ್ತೇನೂ ಬರುತ್ತಿರಲಿಲ್ಲ. ಆ ದಿನಗಳಲ್ಲಿ, ಬೇರೊಂದು ಕಾರಣದಿಂದ ಕೈಗೆತ್ತಿಕೊಂಡ ಯೆಹೂದ್ಯರ ಪ್ರಾರ್ಥನಾಗ್ರಂಥಗಳಲ್ಲಿ ಈ ಪ್ರಶ್ನೆಯೇ ವಾದಗ್ರಸ್ತವಾಗಿರುವುದನ್ನು ಕಂಡು ಆಶ್ಚರ್ಯಪಟ್ಟೆನು. ಆ ವಾದವು ಒಂದು ಶಬ್ದದ ನಿರ್ವಚನದಲ್ಲಿ ಬೇರೂರಿದೆಯೆಂಬುದು ಶಬ್ದಶಾಸ್ತ್ರದಲ್ಲಿ ಆಸಕ್ತರಾದವರಿಗೆ ಇನ್ನೂ ಸ್ವಾರಸ್ಯವಾದ ಸಂಗತಿ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಹೀಬ್ರೂ ಭಾಷೆಯಲ್ಲಿ ಪಂಡಿತನಲ್ಲ. ಅಕ್ಷರ ಕೂಡಿಸಿ ಓದಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಅನುವಾದಗಳ ಸಹಾಯದಿಂದ ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಹೀಬ್ರೂ ಬೈಬಲಿನ ‘ಜ್ಞಾನೋಕ್ತಿಗಳು’ ಎಂಬ ಭಾಗದ ಹನ್ನೆರಡನೆಯ ಅಧ್ಯಾಯದಲ್ಲಿ, ಮನುಷ್ಯನ ಹೃದಯದಲ್ಲಿರುವ ಚಿಂತೆಯನ್ನು ಕುರಿತು ಒಂದು ವಚನವಿದೆ. ಅದರ ಕ್ರಿಯಾಪದ ‘ಯಶ್‌ಹೆನ್ನಾ’ ಎಂಬುದು. ಬಗ್ಗಿಸು, ಕುಗ್ಗಿಸು ಎಂಬ ಅರ್ಥದ ಧಾತುವಿನಿಂದ ಅದನ್ನು ಸಾಧಿಸಿದರೆ, ಚಿಂತೆಯು ಹೃದಯವನ್ನು ಕುಗ್ಗಿಸುತ್ತದೆಯೆಂಬ ಸರಳಾರ್ಥವು ಹೊರಡುತ್ತದೆ. ಅಲ್ಲಿಗೆ ವಿಷಯ ಮುಗಿಯಬೇಕಾಗಿತ್ತು. ಆದರೆ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಶಕಾರಕ್ಕೂ ಒಂದು ಬಗೆಯ ಸಕಾರಕ್ಕೂ ಒಂದೇ ಅಕ್ಷರ. ಇದರಿಂದ ವ್ಯಾಖ್ಯಾನಕಾರರಿಗೆ ದೊರೆತ ಅವಕಾಶವು ನಮ್ಮ ಶ್ಲೇಷಕವಿಗಳಿಗೆ ಪದಚ್ಛೇದದಿಂದ ದೊರೆತುದಕ್ಕಿಂತ ಕಡಿಮೆಯದಲ್ಲ. ತಾಲ್ಮೂದಿನ ‘ಯೋಮಾ’ ಎಂಬ ಪ್ರಕರಣದಲ್ಲಿ ರಬ್ಬಿ ಅಮ್ಮಿ, ರಬ್ಬಿ ಅಸ್ಸಿ ಎಂಬಿಬ್ಬರು ಆಚಾರ್ಯರು ಈ ಪದಕ್ಕೆ ಎರಡು ಬೇರೆ ನಿರ್ವಚನಗಳನ್ನು ಹೇಳಿದರೆಂದಿದೆ. ಒಂದರ ಪ್ರಕಾರ ಚಿಂತೆಯುಳ್ಳವನು ಅದನ್ನು ಮನಸ್ಸಿನಿಂದ ಕಿತ್ತು ತೆಗೆಯಬೇಕು. ಇನ್ನೊಂದರ ಪ್ರಕಾರ ಅದನ್ನು ಮತ್ತೊಬ್ಬರಲ್ಲಿ ಹೇಳಿಕೊಳ್ಳಬೇಕು. ಮೊದಲು ಚಿಂತೆಯ ವರ್ಣನೆಯಾಗಿದ್ದ ವಾಕ್ಯವು ಹೀಗೆ ಚಿಂತೆಗೆ ಚಿಕಿತ್ಸಾವಿಧಿಯಾಗಿ ಪರಿಣಮಿಸಿತು. ಯಾಸ್ಕನ ನಿರುಕ್ತವನ್ನು ಓದಿದವರಿಗೆ ಒಂದೇ ಪದಕ್ಕೆ ಎರಡು ಮೂರು ನಿರ್ವಚನಗಳು ಅಕ್ಕಪಕ್ಕದಲ್ಲಿ ನಿಲ್ಲುವುದು ಹೊಸದಲ್ಲ. ಇಲ್ಲಿನ ವಿಶೇಷವೇನೆಂದರೆ, ಈ ಎರಡು ನಿರ್ವಚನಗಳು ಎರಡು ಸಾಧನಮಾರ್ಗಗಳಾಗಿ ಬೆಳೆದುವು. ತಾಲ್ಮೂದು ಇವುಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲಿಲ್ಲ.

ಎರಡನೆಯ ನಿರ್ವಚನದ ಮೂಲವಾದ ‘ಸೀಯಹ್’ ಎಂಬ ಶಬ್ದವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಮಾತು, ಸಂಭಾಷಣೆ, ಅಳಲನ್ನು ತೋಡಿಕೊಳ್ಳುವುದು, ಮನಸ್ಸಿನಲ್ಲಿಯೇ ಮೆಲುಕುಹಾಕುವುದು ಇವೆಲ್ಲವೂ ಅದರ ಅರ್ಥಚ್ಛಾಯೆಗಳು. ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಇಸಾಕನು ಸಂಜೆಯ ಹೊತ್ತು ಹೊಲಕ್ಕೆ ಹೋದನೆಂದು ಹೇಳುವಲ್ಲಿ, ಏತಕ್ಕೆ ಹೋದನೆಂಬುದನ್ನು ಸೂಚಿಸುವ ಪದವು ಈ ಶಬ್ದವನ್ನು ಹೋಲುತ್ತದೆ. ಆ ರೂಪವು ಬೇರೆಲ್ಲಿಯೂ ಬರುವುದಿಲ್ಲ. 1611ರ ಇಂಗ್ಲಿಷ್ ಅನುವಾದಕರು ಅದನ್ನು ಧ್ಯಾನವೆಂದು ತೆಗೆದುಕೊಂಡರು; ಸುಮ್ಮನೆ ಅಡ್ಡಾಡಲು ಹೋದನೆಂದು ಹೇಳುವ ಆಧುನಿಕರೂ ಇದ್ದಾರೆ. ತಾಲ್ಮೂದಿನ ‘ಬೆರಾಖೋತ್’ ಪ್ರಕರಣವು ಮಾತ್ರ ಅದು ಪ್ರಾರ್ಥನೆಯೇ ಎಂದು ನಿರ್ಣಯಿಸಿ, ದಿನದ ಮೂರು ಪ್ರಾರ್ಥನೆಗಳಲ್ಲಿ ಅಪರಾಹ್ಣದ್ದನ್ನು ಇಸಾಕನೇ ಪ್ರವರ್ತಿಸಿದನೆಂದು ಹೇಳುತ್ತದೆ. ಪ್ರಮಾಣವಾಗಿ ದಾವೀದನ ಕೀರ್ತನೆಗಳಲ್ಲಿ ನೂರ ಎರಡನೆಯದರ ಶಿರೋನಾಮೆಯನ್ನು ಎತ್ತುತ್ತದೆ. ಅಲ್ಲಿ ಕುಗ್ಗಿಹೋದ ದೀನನೊಬ್ಬನು ತನ್ನ ‘ಸೀಯಹ್’ ಅನ್ನು ದೇವರ ಮುಂದೆ ಸುರಿಯುವ ಪ್ರಸ್ತಾಪವಿದೆ. ಅಂತು, ನಾವು ಧ್ಯಾನವೆಂದು ಅನುವಾದಿಸಿ ಮುಂದೆ ಸಾಗುವ ಪದದ ಒಡಲಲ್ಲಿ ದುಃಖವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೆಂಬ ಅರ್ಥವು ಅಡಗಿದೆ. ಪಾಶ್ಚಾತ್ಯರಾಗಲಿ ನಾವಾಗಲಿ ‘ಧ್ಯಾನ’ವೆಂಬ ಒಂದೇ ಮಾತಿನಿಂದ ಎಲ್ಲ ಮತಗಳ ಅಂತರಂಗಸಾಧನೆಯನ್ನೂ ಸೂಚಿಸಲು ಹೊರಟರೆ ಎಂತಹ ವ್ಯತ್ಯಾಸಗಳು ಮರೆಯಾಗುವುವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಶಬ್ದವು ಅತ್ಯಂತ ಮಾರ್ಮಿಕವಾಗಿ ಪ್ರಯುಕ್ತವಾಗಿರುವುದು ಹನ್ನಾ ಎಂಬ ಸ್ತ್ರೀಯ ಕಥೆಯಲ್ಲಿ. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಬರುವ ಈಕೆಗೆ ಮಕ್ಕಳಿಲ್ಲ, ಸವತಿಗೆ ಇದ್ದಾರೆ. ವರ್ಷವರ್ಷವೂ ಶೀಲೋವಿನ ಯಾತ್ರೆಯಲ್ಲಿ ಸವತಿಯು ಈಕೆಯನ್ನು ಚುಚ್ಚಿ ನೋಯಿಸುವಳು. ಈಕೆ ಉಣ್ಣದೆ ಅಳುವಳು. ಗಂಡನು ಒಳ್ಳೆಯವನೇ, ಆದರೆ ಅವನ ಸಮಾಧಾನದ ಮಾತುಗಳಿಂದ ಏನೂ ಆಗುವುದಿಲ್ಲ. ಒಂದು ಸಲ ಆಕೆ ಎದ್ದು ಹೋಗಿ ದೇವಸನ್ನಿಧಿಯಲ್ಲಿ ಪ್ರಾರ್ಥಿಸುತ್ತಾಳೆ. ತುಟಿಗಳು ಅಲ್ಲಾಡುತ್ತವೆ, ಸ್ವರ ಕೇಳಿಸದು. ಯಾಜಕನಾದ ಏಲಿಯು ಈಕೆ ಕುಡಿದಿರುವಳೆಂದು ಭಾವಿಸಿ ಗದರಿಸುತ್ತಾನೆ. ಆಗ ಆಕೆಯು ಕೊಡುವ ಉತ್ತರದಲ್ಲಿ ಈ ‘ಸೀಯಹ್’ ಶಬ್ದವಿದೆ: ತಾನು ಇದುವರೆಗೆ ಮಾತನಾಡಿದ್ದು ಅದರ ಹೆಚ್ಚಳದಿಂದಲೆಂದು ಆಕೆಯ ಅಭಿಪ್ರಾಯ. ಏಲಿಯು ಆಶೀರ್ವದಿಸಿ ಕಳುಹಿಸುತ್ತಾನೆ. ಆಕೆ ಹೋಗಿ ಊಟಮಾಡುತ್ತಾಳೆ; ಮುಖದಲ್ಲಿ ಹಿಂದಿನ ದುಃಖವು ಉಳಿಯುವುದಿಲ್ಲ. ವಾಚಕರು ಇಲ್ಲಿ ಕ್ರಮವನ್ನು ಗಮನಿಸಬೇಕು. ಆಕೆ ಇನ್ನೂ ಗರ್ಭಿಣಿಯಾಗಿಲ್ಲ. ಮಗು ಹುಟ್ಟುವುದೆಂಬುದಕ್ಕೆ ವೃದ್ಧನೊಬ್ಬನ ಹಾರೈಕೆಯ ಹೊರತು ಯಾವ ಆಧಾರವೂ ಇಲ್ಲ. ಮನೆಗೆ ಮರಳಿದರೆ ಸವತಿ ಇದ್ದೇ ಇದ್ದಾಳೆ. ಕಾರಣವು ಹಾಗೆಯೇ ಉಳಿದಿರುವಾಗ ಚಿಂತೆಯು ಇಳಿದುಹೋಯಿತು. ಕಥೆಗಾರನು ಇದಕ್ಕೆ ವಿವರಣೆ ಕೊಡುವುದಿಲ್ಲ. ಉಂಡಳೆಂದು ಹೇಳಿ ಸುಮ್ಮನಾಗುತ್ತಾನೆ. ಇಂತಹ ಸ್ಥಳದಲ್ಲಿ ಸುಮ್ಮನಾಗಬಲ್ಲ ಕಥೆಗಾರರು ಯಾವ ಸಾಹಿತ್ಯದಲ್ಲಿಯೂ ವಿರಳ.

ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಹಾಳುಮಾಡಿದ ಮೇಲೆ ಬಲಿಕರ್ಮಗಳು ನಿಂತುಹೋಗಿ, ಪ್ರಾರ್ಥನೆಯೇ ಅವುಗಳ ಸ್ಥಾನವನ್ನು ಆಕ್ರಮಿಸಿತು. ಯಾವ್ನೆ ಎಂಬ ಊರಿನಲ್ಲಿ ರಬ್ಬಾನ್ ಗಮ್ಲೀಯೇಲನ ಮುಂದೆ ಶಿಮೋನ್ ಹಪಾಕುಲಿ ಎಂಬವನು ಹದಿನೆಂಟು ಆಶೀರ್ವಚನಗಳನ್ನು ಕ್ರಮಪಡಿಸಿದನೆಂದು ತಾಲ್ಮೂದು ಹೇಳುತ್ತದೆ. ನಿಂತುಕೊಂಡು ಹೇಳುವುದರಿಂದ ಇದಕ್ಕೆ ‘ಅಮೀದಾ’ ಎಂದು ಹೆಸರು. ಅನಂತರ ಒಂದು ಸೇರಿ ಈಗ ಹತ್ತೊಂಬತ್ತಾಗಿದ್ದರೂ ‘ಹದಿನೆಂಟು’ ಎಂಬ ರೂಢನಾಮವು ಹಾಗೆಯೇ ಉಳಿದಿದೆ. ಇದನ್ನು ಹೇಳತಕ್ಕ ವಿಧಾನವನ್ನು ಆಚಾರ್ಯರು ಹನ್ನಾಳಿಂದಲೇ ಕಲಿತರು: ತುಟಿ ಅಲ್ಲಾಡಬೇಕು, ಸ್ವರವು ಹೊರಗೆ ಕೇಳಿಸಬಾರದು, ಹೃದಯವು ಅದರಲ್ಲಿರಬೇಕು. ವ್ಯಾಕುಲಳಾದ ಹೆಂಗಸೊಬ್ಬಳ ಮೊರೆಯು ಒಂದು ಜನಾಂಗದ ನಿತ್ಯಕರ್ಮಕ್ಕೆ ಮಾದರಿಯಾದದ್ದು ಸಾಮಾನ್ಯವಾದ ಸಂಗತಿಯಲ್ಲ. ಮೊದಲ ಮೂರು ಆಶೀರ್ವಚನಗಳು ಸ್ತುತಿ, ಕೊನೆಯ ಮೂರರಲ್ಲಿ ಕೃತಜ್ಞತೆ ಮುಖ್ಯ. ನಡುವಿನ ಹದಿಮೂರು ಬೇಡಿಕೆಗಳು. ಬೇಡಿಕೆಗಳಲ್ಲಿ ಮೊದಲನೆಯದು ಜ್ಞಾನಕ್ಕಾಗಿ. ಮುಂದೆ ಕ್ಷಮೆ, ರೋಗಶಮನ, ಬೆಳೆಯ ಸಮೃದ್ಧಿ, ನ್ಯಾಯಾಧಿಪತಿಗಳು ಮೊದಲಾದುವು ಬರುತ್ತವೆ. ಎಲ್ಲವೂ ಬಹುವಚನದಲ್ಲಿ: ರೋಗಿಯು ಬೇಡುವುದು ‘ನಮ್ಮ’ ಆರೋಗ್ಯವನ್ನು. ದಾರಿಯಲ್ಲಿ ಭಯಪಡುತ್ತಿರುವ ಒಂಟಿ ಪ್ರಯಾಣಿಕನು ಕೂಡ ತನ್ನನ್ನು ಸಮುದಾಯದೊಡನೆ ಸೇರಿಸಿಕೊಂಡೇ ಬೇಡಬೇಕೆಂದು ಅಬಾಯೆ ಎಂಬ ಆಚಾರ್ಯನ ಮತ. ಆದರೆ ಹದಿಮೂರನೆಯ ಬೇಡಿಕೆಯಲ್ಲಿ ಪ್ರತಿಯೊಬ್ಬನೂ ತನ್ನ ಸ್ವಂತ ಕಷ್ಟವನ್ನು ತನ್ನ ಮಾತಿನಲ್ಲಿ ಸೇರಿಸಬಹುದು. ಮಂತ್ರದ ನಡುವೆ ಹೀಗೊಂದು ಬಾಗಿಲನ್ನು ತೆರೆದಿಟ್ಟಿರುವುದನ್ನು ನಾನು ಬಹಳ ಮೆಚ್ಚುತ್ತೇನೆ.

ಇನ್ನು ಚಿತ್ತವಿಕ್ಷೇಪದ ಪ್ರಶ್ನೆ. ‘ಕವ್ವಾನಾ’ ಎಂದರೆ ಗುರಿಯ ಕಡೆಗೆ ನೇರಮಾಡುವುದು. ಬಾಣದ ವಿಷಯದಲ್ಲಿ ನಾವು ಸಂಧಾನವೆನ್ನುವೆವಲ್ಲವೆ, ಹಾಗೆ ಹೃದಯವನ್ನು ದೇವರ ಕಡೆಗೆ ತಿರುಗಿಸುವುದು. ‘ಕೆವಾ’ ಎಂದರೆ ನಿಯತವಾದದ್ದು, ಗೊತ್ತುಮಾಡಿಟ್ಟದ್ದು. ಕ್ರಿ. ಶ. 200ರ ಸುಮಾರಿನಲ್ಲಿ ಯೆಹೂದಾ ಹನಾಸಿಯು ಸಂಗ್ರಹಿಸಿದ ಮಿಷ್ನಾದಲ್ಲಿಯೇ ಇವೆರಡರ ವ್ಯಾಜ್ಯವು ಆರಂಭವಾಗಿದೆ. ಪ್ರಾರ್ಥನೆಯನ್ನು ಬರಿಯ ಕೆವಾ ಮಾಡಿಕೊಂಡವನದು ಬೇಡುವಿಕೆಯೇ ಅಲ್ಲವೆಂದು ರಬ್ಬಿ ಎಲಿಯೇಜರನು ಹೇಳಿದನು. ಪೂರ್ವಕಾಲದ ಭಕ್ತರು ಹೃದಯವು ನೆಲೆಗೊಳ್ಳಲೆಂದು ಪ್ರಾರ್ಥನೆಗೆ ಮೊದಲು ಒಂದು ಹೊತ್ತು ಸುಮ್ಮನೆ ಇರುತ್ತಿದ್ದರಂತೆ. ಕಾಲಿಗೆ ಹಾವು ಸುತ್ತಿಕೊಂಡರೂ ಪ್ರಾರ್ಥನೆಯನ್ನು ನಿಲ್ಲಿಸಕೂಡದೆಂದು ವಿಧಿ. ಚೇಳಾದರೆ ನಿಲ್ಲಿಸಬಹುದೆಂದು ಅನಂತರದ ಆಚಾರ್ಯರ ಪರಿಷ್ಕಾರ! ಇಷ್ಟು ಕಠೋರರಾದವರು ಲೋಕವನ್ನು ಅರಿಯದವರೇನಲ್ಲ. ಮರದ ಮೇಲೆಯೋ ಗೋಡೆಯ ಮೇಲೆಯೋ ಕೆಲಸಮಾಡುತ್ತಿರುವ ಆಳು ಅಲ್ಲಿದ್ದುಕೊಂಡೇ ‘ಶೆಮಾ’ ಎಂಬ ಪಾಠವನ್ನು ಹೇಳಬಹುದು. ಅಮೀದಾಕ್ಕೆ ಮಾತ್ರ ಆ ಅನುಮತಿಯಿಲ್ಲ. ಮದುವೆಯ ಮೊದಲ ರಾತ್ರಿ ವರನಿಗೂ, ಹೆಣವು ಇನ್ನೂ ಮನೆಯಲ್ಲಿರುವಾಗ ಬಂಧುವಿಗೂ ಶೆಮಾ ಪಾಠದಿಂದ ವಿನಾಯಿತಿ. ಅವರ ಮನಸ್ಸು ಅವರ ವಶದಲ್ಲಿರುವುದಿಲ್ಲವೆಂಬುದನ್ನು ಶಾಸ್ತ್ರವೇ ಒಪ್ಪಿಕೊಂಡಿತು. ಯೆಹೂದಾ ಹನಾಸಿಯು ಬೆಳಗಿನಿಂದಲೇ ಶಿಷ್ಯರಿಗೆ ಪಾಠ ಹೇಳುತ್ತಿದ್ದುದರಿಂದ, ಶೆಮಾ ಹೇಳುವ ಹೊತ್ತಿಗೆ ಕೈಯಿಂದ ಮುಖವನ್ನು ಒಂದು ಕ್ಷಣ ಮರೆಮಾಡಿಕೊಳ್ಳುತ್ತಿದ್ದನಂತೆ. ಅವನಿಗೆ ಅಷ್ಟೇ ಏಕಾಂತ. ಶೆಮಾದ ಮೊದಲ ವಾಕ್ಯದಲ್ಲಿ ಕಣ್ಣನ್ನು ಕೈಯಿಂದ ಮುಚ್ಚಿಕೊಳ್ಳುವ ಆಚಾರವು ಇಂದಿಗೂ ಇದೆ. ನಮ್ಮಂತಹ ಉಪಾಧ್ಯಾಯರಿಗೆ ಈ ಪ್ರಸಂಗವು ವಿಶೇಷವಾಗಿ ಪ್ರಿಯವಾಗತಕ್ಕದ್ದು.

ಯೆರೂಸಲೇಮಿನ ತಾಲ್ಮೂದಿನಲ್ಲಿ ಇದಕ್ಕಿಂತಲೂ ನಿರ್ವ್ಯಾಜವಾದ ಒಂದು ಸ್ಥಳವಿದೆ. ದೊಡ್ಡ ಆಚಾರ್ಯರೇ ತಮ್ಮ ಚಿತ್ತವಿಕ್ಷೇಪವನ್ನು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಒಬ್ಬನು ಒಂದೇ ಒಂದು ಸಲ ಮನಸ್ಸಿಟ್ಟು ಪ್ರಾರ್ಥಿಸಲು ಹೊರಟರೆ, ಅರಸನ ಮುಂದೆ ಯಾವ ಅಧಿಕಾರಿಗೆ ಮೊದಲು ಪ್ರವೇಶವೆಂಬ ವಿಚಾರವು ಹೊಕ್ಕಿತಂತೆ. ಇನ್ನೊಬ್ಬನು ಹಕ್ಕಿಮರಿಗಳನ್ನು ಎಣಿಸಿದನಂತೆ; ಮತ್ತೊಬ್ಬನು ಗೋಡೆಯ ಕಲ್ಲುಸಾಲುಗಳನ್ನು. ರಬ್ಬಿ ಮತ್ತನ್ಯಾ ಎಂಬವನು, ಬಾಗತಕ್ಕ ಸ್ಥಳ ಬಂದಾಗ ತಾನಾಗಿಯೇ ಬಾಗುವ ತನ್ನ ತಲೆಗೆ ಕೃತಜ್ಞತೆಯನ್ನು ಸೂಚಿಸುತ್ತಾನೆ. ಇದನ್ನು ಓದಿ ನಾನು ಪಾಠಶಾಲೆಯ ದಿನಗಳನ್ನು ನೆನೆದು ನಕ್ಕೆನು. ನೂರೆಂಟು ಗಾಯತ್ರಿಯನ್ನು ಎಣಿಕೆ ತಪ್ಪದೆ ಮುಗಿಸುತ್ತ, ಆ ಹೊತ್ತೆಲ್ಲ ಅಡಿಗೆಮನೆಯಿಂದ ಬರುವ ಒಗ್ಗರಣೆಯ ವಾಸನೆಯನ್ನು ವಿಮರ್ಶಿಸಿದವನು ನಾನು. ಆದರೆ ನಗುವುದಷ್ಟೇ ಅಲ್ಲ. ಈ ಮಾತುಗಳನ್ನು ಗ್ರಂಥದಿಂದ ತೆಗೆದುಹಾಕದೆ ಉಳಿಸಿದವರು, ಬಾಗುವ ತಲೆಗೂ ಒಂದು ಬೆಲೆಯಿದೆಯೆಂದು ತಿಳಿದಿದ್ದಿರಬೇಕು.

ಚಿಂತೆಯನ್ನು ಕಿತ್ತುತೆಗೆಯುವ ಮಾರ್ಗಕ್ಕೆ ಪರಮಾಚಾರ್ಯನೆಂದರೆ ಮೋಶೆ ಬೆನ್ ಮೈಮೋನ್. ಪಾಶ್ಚಾತ್ಯರು ಮೈಮೊನಿಡೀಸ್ ಎನ್ನುವರು. ಸ್ಪೇನಿನ ಕೊರ್ದೋವಾದಲ್ಲಿ ಹುಟ್ಟಿ, ಈಜಿಪ್ಟಿನ ಫುಸ್ತಾತಿನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ಈತನು ಧರ್ಮಶಾಸ್ತ್ರಕಾರನೂ ದಾರ್ಶನಿಕನೂ ವೈದ್ಯನೂ ಆಗಿದ್ದನು. ಕವ್ವಾನಾ ಇಲ್ಲದ ಪ್ರಾರ್ಥನೆಯು ಪ್ರಾರ್ಥನೆಯೇ ಅಲ್ಲವೆಂದೂ, ಮನಸ್ಸು ಕಲಕಿದವನು ಅದು ತಿಳಿಯಾಗುವವರೆಗೆ ಪ್ರಾರ್ಥಿಸಲೇಕೂಡದೆಂದೂ, ಪ್ರಯಾಣದಿಂದ ಬಳಲಿ ಬಂದವನು ಮೂರು ದಿನಗಳಾದರೂ ಕಾಯಬೇಕೆಂದೂ ಪೂರ್ವಾಚಾರ್ಯರನ್ನು ಅನುಸರಿಸಿ ತನ್ನ ಧರ್ಮಸಂಹಿತೆಯಲ್ಲಿ ವಿಧಿಸಿದನು. ಅರಬ್ಬೀ ಭಾಷೆಯಲ್ಲಿ ಬರೆದ ‘ಭ್ರಾಂತರ ಮಾರ್ಗದರ್ಶಿ’ ಎಂಬ ದರ್ಶನಗ್ರಂಥದ ಮೂರನೆಯ ಭಾಗದ ಐವತ್ತೊಂದನೆಯ ಅಧ್ಯಾಯದಲ್ಲಿ ಇದಕ್ಕೆ ಅಭ್ಯಾಸಕ್ರಮವನ್ನು ಹೇಳಿದ್ದಾನೆ. ಮೊದಲು ಶೆಮಾದ ಪ್ರಥಮವಾಕ್ಯದಲ್ಲಿಯೂ ಅಮೀದಾದ ಪ್ರಥಮ ಆಶೀರ್ವಚನದಲ್ಲಿಯೂ ಮಾತ್ರ ಮನಸ್ಸನ್ನು ನಿಲ್ಲಿಸಿ ತೃಪ್ತನಾಗದೆ, ಇಡೀ ಪಾಠದಲ್ಲಿ ಅದನ್ನು ನಿಲ್ಲಿಸಲು ಕಲಿಯಬೇಕು. ಅದು ಸಿದ್ಧಿಸಲು ವರ್ಷಗಳೇ ಹಿಡಿಯಬಹುದು. ಅನಂತರ ಶಾಸ್ತ್ರವನ್ನು ಓದುವುದಕ್ಕೂ ಕೇಳುವುದಕ್ಕೂ ಅದನ್ನು ವಿಸ್ತರಿಸಬೇಕು. ಹಾಗಾದರೆ ಸಂಸಾರದ ವಿಚಾರಗಳಿಗೆ ಗತಿಯೇನು? ಅವನ ಉತ್ತರವು ವೈದ್ಯನ ಉತ್ತರವಾಗಿದೆ. ಊಟಮಾಡುವಾಗ, ಸ್ನಾನಮಾಡುವಾಗ, ಹೆಂಡತಿಯೊಡನೆಯೂ ಚಿಕ್ಕ ಮಕ್ಕಳೊಡನೆಯೂ ಮಾತನಾಡುವಾಗ ಅವುಗಳನ್ನು ಬೇಕಾದಷ್ಟು ಚಿಂತಿಸು. ಅದಕ್ಕೆ ಕಾಲವು ಧಾರಾಳವಾಗಿದೆ. ಪ್ರಾರ್ಥನೆಯ ಹೊತ್ತನ್ನು ಮಾತ್ರ ಅವುಗಳಿಗೆ ಬಿಟ್ಟುಕೊಡಬೇಡ ಎಂಬುದು ಅದರ ತಾತ್ಪರ್ಯ. ಚಿಂತೆಯನ್ನು ನಾಶಮಾಡೆಂದು ಅವನು ಹೇಳಲಿಲ್ಲ. ಅದಕ್ಕೆ ಬೇರೆ ಹೊತ್ತನ್ನು ಗೊತ್ತುಮಾಡಿದನು.

ಇದನ್ನು ಬರೆದವನು ವಿರಾಮವುಳ್ಳ ಸಂನ್ಯಾಸಿಯೆಂದು ಯಾರೂ ಭ್ರಮಿಸಬಾರದು. ಅವನ ಗ್ರಂಥವನ್ನು ಹೀಬ್ರೂವಿಗೆ ಅನುವಾದಿಸುತ್ತಿದ್ದ ಸಮುವೇಲ್ ಇಬ್ನ್ ತಿಬ್ಬೋನನು ಭೇಟಿಗೆ ಬರಬೇಕೆಂದಿದ್ದಾಗ, 1199ರಲ್ಲಿ ಮೈಮೊನಿಡೀಸನು ಬರೆದ ಪತ್ರವೊಂದು ಪ್ರಸಿದ್ಧವಾಗಿದೆ. ತಾನಿರುವುದು ಫುಸ್ತಾತಿನಲ್ಲಿ, ಸುಲ್ತಾನನಿರುವುದು ಕೈರೋವಿನಲ್ಲಿ; ಪ್ರತಿದಿನ ಬೆಳಗ್ಗೆ ಅರಮನೆಗೆ ಹೋಗಲೇಬೇಕು; ಅಲ್ಲಿ ಯಾರಿಗಾದರೂ ಕಾಯಿಲೆಯಾದರೆ ದಿನದ ಬಹುಭಾಗ ಅಲ್ಲಿಯೇ ಕಳೆಯುವುದು; ಹಸಿದು ಮನೆಗೆ ಬಂದರೆ ಮೊಗಸಾಲೆಯ ತುಂಬ ಜನ, ದೊಡ್ಡವರು, ಬಡವರು, ಮಿತ್ರರು, ಶತ್ರುಗಳು; ಅವರ ಕ್ಷಮೆ ಬೇಡಿ ದಿನಕ್ಕೆ ಒಂದೇ ಊಟವನ್ನು ಅವಸರದಲ್ಲಿ ಮುಗಿಸಿ, ರಾತ್ರಿಯಾಗುವವರೆಗೂ ಚಿಕಿತ್ಸೆ; ಕೊನೆಗೆ ಬಳಲಿಕೆಯಿಂದ ಮಲಗಿಕೊಂಡೇ ರೋಗಿಗಳೊಡನೆ ಮಾತು. ತನ್ನ ಸಮುದಾಯದವರಿಗೆ ಅವನು ದೊರೆಯುತ್ತಿದ್ದುದು ಸಬ್ಬತ್ ದಿನದಲ್ಲಿ ಮಾತ್ರ. ಇದಕ್ಕೂ ಹಿಂದೆ ಅವನಿಗೆ ಇನ್ನೂ ದೊಡ್ಡ ದುಃಖವು ಒದಗಿತ್ತು. ವ್ಯಾಪಾರದಿಂದ ಮನೆಯನ್ನು ಸಾಕುತ್ತಿದ್ದ ತಮ್ಮನಾದ ದಾವೀದನು ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ತೀರಿಕೊಂಡನು. ಆ ಕಾಲದ ಯೆಹೂದೀ ವರ್ತಕರಿಗೆ ನಮ್ಮ ಕರಾವಳಿಯು ಪರಿಚಿತವಾಗಿತ್ತೆಂಬುದನ್ನು ಪ್ರಸಂಗವಶಾತ್ ಹೇಳಬೇಕು: ಅಬ್ರಹಾಮ್ ಬೆನ್ ಯಿಜೂ ಎಂಬ ವರ್ತಕನು ಮಂಗಳೂರಿನಲ್ಲಿ ನೆಲೆಸಿ ಕಂಚಿನ ಕಾರ್ಖಾನೆಯನ್ನು ನಡೆಸುತ್ತಿದ್ದನೆಂಬುದೂ, ಅಶು ಎಂಬ ದಾಸಿಯನ್ನು ಬಿಡುಗಡೆಮಾಡಿ 1132ರಲ್ಲಿ ಅಲ್ಲಿಯೇ ಪತ್ರವನ್ನು ಬರೆದುದೂ ಕೈರೋವಿನ ಗೆನಿಜಾ ಎಂಬ ಹಳೆಯ ಕಾಗದಗಳ ಭಂಡಾರದಿಂದ ತಿಳಿದುಬಂದಿದೆ. ಅದಿರಲಿ. ತಮ್ಮನ ಮರಣವಾರ್ತೆಯನ್ನು ಕೇಳಿ ಮೈಮೊನಿಡೀಸನು ಒಂದು ವರ್ಷಕಾಲ ಹಾಸಿಗೆ ಹಿಡಿದನು. ಅನೇಕ ವರ್ಷಗಳ ಮೇಲೆ ಬರೆದ ಪತ್ರದಲ್ಲಿಯೂ ಆ ಗಾಯವು ಮಾಗಿರಲಿಲ್ಲ. ಶಾಸ್ತ್ರಾಧ್ಯಯನವೂ ವಿದ್ಯೆಗಳೂ ದುಃಖವನ್ನು ಮರೆಯಿಸದಿದ್ದರೆ ತಾನು ಉಳಿಯುತ್ತಿರಲಿಲ್ಲವೆಂದು ಅಲ್ಲಿ ಒಪ್ಪಿಕೊಂಡಿದ್ದಾನೆ. ಚಿಂತೆಯನ್ನು ಮನಸ್ಸಿನಿಂದ ಬೇರೆಡೆಗೆ ತಿರುಗಿಸುವ ಮೊದಲನೆಯ ನಿರ್ವಚನವನ್ನು ಅವನು ಬದುಕಿ ನೋಡಿದವನು. ಆದರೂ ಆ ದುಃಖವನ್ನು ನಾವು ಇಂದು ತಿಳಿದಿರುವುದು ಅವನು ಅದನ್ನು ಮತ್ತೊಬ್ಬರಲ್ಲಿ ಹೇಳಿಕೊಂಡುದರಿಂದಲೇ!

ಅವನ ಕಠಿನವಿಧಿಯು ಆಚರಣೆಯಲ್ಲಿ ನಿಲ್ಲಲಿಲ್ಲ. ಯೋಸೇಫ್ ಕಾರೋ ಎಂಬ ಶಾಸ್ತ್ರಕಾರನ ಸಂಹಿತೆಯು 1565ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಬಳಲಿದವನು ಕಾಯಬೇಕೆಂಬ ವಿಧಿಯನ್ನು ಈಗ ಪಾಲಿಸುವುದಿಲ್ಲ, ಏಕೆಂದರೆ ಉಳಿದ ದಿನಗಳಲ್ಲಿಯೂ ನಮ್ಮ ಕವ್ವಾನಾ ಅಷ್ಟೇನೂ ಇಲ್ಲವೆಂಬ ಅಭಿಪ್ರಾಯವು ಅದರಲ್ಲಿದೆ. ಇದು ಸೋಲಿನ ಮಾತೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಮನಸ್ಸು ತಿಳಿಯಾಗುವವರೆಗೆ ಕಾಯುವುದಾದರೆ, ಯಾರಿಗೆ ಪ್ರಾರ್ಥನೆಯು ಅತ್ಯಂತ ಅವಶ್ಯಕವೋ ಅವನೇ ಹೊರಗುಳಿಯುವನು, ಹನ್ನಾಳಿಗೂ ಪ್ರವೇಶವಿರುತ್ತಿರಲಿಲ್ಲ.

ಮೈಮೊನಿಡೀಸನಿಗಿಂತ ಒಂದು ಶತಮಾನ ಹಿಂದೆ, ಸ್ಪೇನಿನ ಬಹ್ಯಾ ಇಬ್ನ್ ಪಾಕೂದನು ‘ಹೃದಯದ ಕರ್ತವ್ಯಗಳು’ ಎಂಬ ಗ್ರಂಥವನ್ನು ಬರೆದಿದ್ದನು. ಅದರ ನಾಲ್ಕನೆಯ ದ್ವಾರವು ದೇವರಲ್ಲಿ ಭರವಸೆಯನ್ನು ಕುರಿತದ್ದು. ಆರಂಭದಲ್ಲಿ ಭರವಸೆಯುಳ್ಳವನನ್ನೂ ರಸವಾದಿಯನ್ನೂ ಹೋಲಿಸಿದ್ದಾನೆ: ಚಿನ್ನವನ್ನು ಮಾಡಬಲ್ಲವನಿಗೆ ಸಾಮಗ್ರಿ ಬೇಕು, ವಿಷಧೂಮದ ಭಯ, ರಹಸ್ಯವು ಹೊರಬಿದ್ದೀತೆಂಬ ಭಯ, ಭರವಸೆಯುಳ್ಳವನಿಗೆ ಇವೊಂದೂ ಇಲ್ಲ. ಹೋಲಿಕೆಯು ಹತ್ತು ಅಂಶಗಳವರೆಗೆ ಬೆಳೆಯುತ್ತದೆ. ನಮ್ಮ ಅಲಂಕಾರಿಕರಿಗೆ ಸ್ವಲ್ಪ ಹೆಚ್ಚಾಯಿತೆಂದು ತೋರೀತು.

ಹದಿನೆಂಟನೆಯ ಶತಮಾನದಲ್ಲಿ ಪೂರ್ವಯೂರೋಪಿನಲ್ಲಿ ಹುಟ್ಟಿದ ಹಸೀದೀ ಭಕ್ತಿಪಂಥದಲ್ಲಿ ಈ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಪ್ರಾರ್ಥನೆಯ ನಡುವೆ ನುಗ್ಗುವ ‘ಅನ್ಯಚಿಂತೆ’ಗಳನ್ನು ತಳ್ಳಬಾರದು, ಅವುಗಳಲ್ಲಿ ಸೆರೆಯಾಗಿರುವ ದಿವ್ಯಾಂಶವನ್ನು ಮೇಲಕ್ಕೆತ್ತಬೇಕೆಂದು ಆದಿಗುರುಗಳು ಬೋಧಿಸಿದರು. ಇದನ್ನು ಲಿಯಾದಿಯ ಷ್ನೇಯೂರ್ ಜಲ್ಮಾನನು ಸಾಮಾನ್ಯರಿಗೆ ಒಪ್ಪಲಿಲ್ಲ. 1796ರಲ್ಲಿ ಅಚ್ಚಾದ ‘ತಾನ್ಯಾ’ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ, ಸಿದ್ಧರ ಕೆಲಸಕ್ಕೆ ಕೈಹಾಕಿ ಹುಚ್ಚನಾಗಬೇಡವೆಂದು ಎಚ್ಚರಿಸಿ, ಪ್ರಾರ್ಥಿಸುವವನ ಎದುರಿಗೆ ನಿಂತು ಬಡಬಡಿಸುವ ಮನುಷ್ಯನ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಅವನಿಗೆ ಪ್ರತ್ಯುತ್ತರ ಕೊಡಬಾರದು, ಜಗಳಕ್ಕೂ ನಿಲ್ಲಬಾರದು. ಕೇಳಿಸದವನಂತೆ ತನ್ನ ಪ್ರಾರ್ಥನೆಗೆ ಇನ್ನಷ್ಟು ಬಲವನ್ನು ಹಾಕಬೇಕು. ಚಿಂತೆಯೊಡನೆ ವಾದಿಸುವುದೂ ಅದಕ್ಕೆ ಉಪಚಾರಮಾಡಿದಂತೆಯೇ ಎಂಬ ಈ ಸೂಕ್ಷ್ಮವನ್ನು ಅನುಭವವಿಲ್ಲದವನು ಬರೆಯಲಾರನು.

ಬ್ರೆಸ್ಲಾವಿನ ನಹ್ಮಾನನು (1772–1810) ಎರಡನೆಯ ನಿರ್ವಚನವನ್ನು ಕೊನೆಯ ಮೇರೆಗೆ ಒಯ್ದವನು. ನಿಯತಪ್ರಾರ್ಥನೆಯಲ್ಲದೆ ದಿನಕ್ಕೆ ಒಂದು ಗಂಟೆ ಒಬ್ಬನೇ ಕೋಣೆಯಲ್ಲಿಯೋ ಹೊಲದಲ್ಲಿಯೋ ಇದ್ದು ದೇವರೊಡನೆ ಮಾತನಾಡಬೇಕು. ಅದೂ ಶಾಸ್ತ್ರಭಾಷೆಯಾದ ಹೀಬ್ರೂವಿನಲ್ಲಿ ಅಲ್ಲ, ಮನೆಯಲ್ಲಿ ಆಡುವ ಭಾಷೆಯಲ್ಲಿ. ಹೃದಯವು ಮಿಡಿಯುವುದು ಆ ಭಾಷೆಯಲ್ಲೇ ಎಂದು ಅವನ ಯುಕ್ತಿ. ಇದಕ್ಕೆ ‘ಹಿತ್ಬೋದೆದೂತ್’, ಅಂದರೆ ಏಕಾಂತದಲ್ಲಿರುವುದು, ಎಂದು ಹೆಸರು. ಸಾಲದ ಚಿಂತೆಯಾಗಲಿ, ಪಶ್ಚಾತ್ತಾಪವಾಗಲಿ, ಯಾವುದನ್ನೂ ಬಿಡಬೇಕಾಗಿಲ್ಲ. ಮಾತೇ ಹೊರಡದಿದ್ದರೆ? ಮಾತು ಹೊರಡುವುದಿಲ್ಲವೆಂಬುದನ್ನೇ ಹೇಳಿಕೊಳ್ಳಬೇಕು. ಒಂದೇ ಶಬ್ದ ಬಂದರೆ ಅದನ್ನೇ ಮತ್ತೆ ಮತ್ತೆ ಹೇಳಬೇಕು. ಇಸಾಕನು ಸಂಜೆಯಲ್ಲಿ ಹೊಲಕ್ಕೆ ಹೋದ ಪ್ರಸಂಗದ ‘ಸೀಯಹ್’ ಇಲ್ಲಿ ಅಕ್ಷರಶಃ ಮತ್ತೆ ಹೊಲಕ್ಕೆ ಬಂದಿತು. ಇವನನ್ನು ಮನಶ್ಶೂನ್ಯತೆಯ ಉಪದೇಶಕರ ಸಾಲಿಗೆ ಸೇರಿಸಿ ಬರೆಯುವ ಇತ್ತೀಚಿನ ಕೆಲವು ಲೇಖಕರು ಮೂಲವನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಅಭಿಪ್ರಾಯ; ಇವನ ಏಕಾಂತವು ಮಾತಿನಿಂದ ತುಂಬಿದ ಏಕಾಂತ.

ಹೀಗೆ ಎರಡು ಮಾರ್ಗಗಳು ಪರಸ್ಪರವಿರುದ್ಧವಾಗಿ ಕಾಣುವುವು. ಆದರೆ ನಿತ್ಯವಿಧಿಯನ್ನೇ ಪರ್ಯಾಲೋಚಿಸಿದರೆ, ಅಲ್ಲಿ ಎರಡಕ್ಕೂ ಬೇರೆಬೇರೆ ಕಾಲವು ಹಂಚಿಕೆಯಾಗಿರುವುದು ಗೋಚರಿಸುತ್ತದೆ. ಶುಕ್ರವಾರದ ಸೂರ್ಯಾಸ್ತಕ್ಕೆ ಸಬ್ಬತ್ ಆರಂಭವಾದೊಡನೆ ಅಮೀದಾದ ಹತ್ತೊಂಬತ್ತು ಆಶೀರ್ವಚನಗಳು ಏಳಕ್ಕೆ ಇಳಿಯುತ್ತವೆ. ನಡುವಿನ ಹದಿಮೂರು ಬೇಡಿಕೆಗಳನ್ನೂ ಬಿಟ್ಟು, ಅವುಗಳ ಸ್ಥಾನದಲ್ಲಿ ಆ ದಿನದ ಪಾವಿತ್ರ್ಯವನ್ನು ಕುರಿತ ಒಂದನ್ನು ಮಾತ್ರ ಹೇಳುವರು. ಆ ದಿನದ ಗೌರವಾರ್ಥವಾಗಿ ಜನರಿಗೆ ಆಯಾಸವಾಗಬಾರದೆಂದು ಹೀಗೆ ಮಾಡಿದರೆಂಬುದು ತಾಲ್ಮೂದು ಹೇಳುವ ಕಾರಣ. ‘ತನ್ಹೂಮಾ’ ಎಂಬ ವ್ಯಾಖ್ಯಾನಗ್ರಂಥವು ಇನ್ನೂ ಆಳವಾದ ಕಾರಣವನ್ನು ಕೊಡುತ್ತದೆ: ಮನೆಯಲ್ಲಿ ರೋಗಿಯಿರುವವನು ರೋಗಶಮನದ ಬೇಡಿಕೆಗೆ ಬಂದಾಗ ಆ ರೋಗಿಯನ್ನು ನೆನೆದು ವ್ಯಾಕುಲನಾಗುವನು, ಸಬ್ಬತ್ತನ್ನು ಕೊಟ್ಟಿರುವುದು ವ್ಯಾಕುಲತೆಗಾಗಿ ಅಲ್ಲ. ಆರು ದಿನಗಳು ದಿನಕ್ಕೆ ಮೂರು ಸಲ ಚಿಂತೆಯನ್ನು ಹೆಸರಿಟ್ಟು ಹೇಳು. ಏಳನೆಯ ದಿನ ಅದರ ಹೆಸರೆತ್ತಬೇಡ. ರೋಗಿಯು ಶನಿವಾರ ಗುಣಹೊಂದಿರುವುದಿಲ್ಲ, ಸಾಲವೂ ತೀರಿರುವುದಿಲ್ಲ. ಬೇಡುವವನಿಗೆ ಮಾತ್ರ ಬೇಡುವುದರಿಂದ ವಿರಾಮ. ಶನಿವಾರ ರಾತ್ರಿ ನಕ್ಷತ್ರಗಳು ಕಾಣಿಸಿಕೊಂಡ ಮೇಲೆ ಹೇಳುವ ಅಮೀದಾದಲ್ಲಿ ಬೇಡಿಕೆಗಳು ಮರಳುತ್ತವೆ. ಅವುಗಳಲ್ಲಿ ಮೊದಲನೆಯದಾದ ಜ್ಞಾನದ ಬೇಡಿಕೆಯಲ್ಲಿಯೇ ಪವಿತ್ರಕ್ಕೂ ಸಾಮಾನ್ಯಕ್ಕೂ ಇರುವ ಭೇದವನ್ನು ಹೇಳುವ ಮಾತನ್ನು ಸೇರಿಸುವರು. ತಿಳಿವಳಿಕೆಯಿಲ್ಲದೆ ಭೇದವನ್ನು ಅರಿಯುವುದೆಂತು ಎಂಬುದು ಹಳೆಯ ಸಮಾಧಾನ. ನಮ್ಮ ಮೀಮಾಂಸಕರು ಕಾಲವನ್ನು ಕರ್ಮಕ್ಕೆ ಅಂಗವೆಂದು ಎಣಿಸುವರು. ಇಲ್ಲಿ ಕಾಲವು ಶಾಂತಿಗೂ ಅಂಗವಾಗಿದೆ. ಮನೆಯಲ್ಲಿ ವ್ಯಾಧಿಯಿದ್ದ ದಿನಗಳಲ್ಲಿ ನಾನು ತನ್ಹೂಮಾದ ಆ ವಾಕ್ಯವನ್ನು ಓದಿ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆನೆಂದು ಹೇಳಿದರೆ ವಾಚಕರು ಅಪ್ರಸ್ತುತವೆಂದು ಭಾವಿಸಲಾರರೆಂದು ನಂಬಿದ್ದೇನೆ.

ಕಡೆಯದಾಗಿ, ವಾರ್ಸಾ ಸಮೀಪದ ಪಿಯಸೆಚ್ನೊದ ಗುರುವಾದ ಕಲೊನಿಮಸ್ ಕಲ್ಮಾನ್ ಷಪೀರನ ವಿಷಯ. 1889ರಲ್ಲಿ ಹುಟ್ಟಿದ ಇವನು ‘ಹಶ್ಕಾತಾ’, ಅಂದರೆ ಶಮನಗೊಳಿಸುವುದು, ಎಂಬ ಒಂದು ಅಭ್ಯಾಸವನ್ನು ಶಿಷ್ಯರಿಗೆ ಕಲಿಸಿದನು; ಶಿಷ್ಯನೊಬ್ಬನು 1936ರಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಮನಸ್ಸಿನಲ್ಲಿ ಹರಿಯುವ ವಿಚಾರಗಳನ್ನು ತಡೆಯದೆ ಸ್ವಲ್ಪಹೊತ್ತು ಸುಮ್ಮನೆ ನೋಡುತ್ತಿರಬೇಕು. ನೋಡುತ್ತಿರುವಂತೆ ಅವುಗಳ ವೇಗವು ತಗ್ಗುತ್ತದೆ. ಆಗ ಒಂದು ಶಾಸ್ತ್ರವಾಕ್ಯವನ್ನು ಹೇಳಿಕೊಂಡು, ತನಗೆ ಬೇಕಾದ ಗುಣವನ್ನು ಮೆಲ್ಲಗೆ ಬೇಡಬೇಕು. ಇಲ್ಲಿ ಚಿಂತೆಯನ್ನು ಕೀಳುವುದೂ ಇಲ್ಲ, ಹೇಳಿಕೊಳ್ಳುವುದೂ ಇಲ್ಲ. ನೋಡುವುದು ಮೊದಲು, ಬೇಡುವುದು ಆಮೇಲೆ. ನಮ್ಮ ಸಾಕ್ಷಿಭಾವಕ್ಕೆ ಇದು ಹತ್ತಿರವೆಂದು ಮೇಲುನೋಟಕ್ಕೆ ತೋರಿದರೂ, ಕೊನೆಯಲ್ಲಿ ಬೇಡಿಕೆಯು ಬಂದೇ ಬರುವುದನ್ನು ಮರೆಯಬಾರದು.

ಮೂರು ವರ್ಷಗಳಲ್ಲಿ ಯುದ್ಧವು ಬಂದಿತು. 1939ರ ಸೆಪ್ಟೆಂಬರಿನಲ್ಲಿ ವಾರ್ಸಾದ ಮೇಲೆ ನಡೆದ ಬಾಂಬುದಾಳಿಯಲ್ಲಿ ಇವನ ಒಬ್ಬನೇ ಮಗನೂ ಸೊಸೆಯೂ ಸತ್ತರು. ಅನಂತರ ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ ವಾರ್ಸಾದ ಗೆಟ್ಟೋವಿನಲ್ಲಿ, 1942ರ ಬೇಸಗೆಯವರೆಗೂ ಇವನು ಸಬ್ಬತ್ತುಗಳಲ್ಲಿಯೂ ಹಬ್ಬಗಳಲ್ಲಿಯೂ ಪ್ರವಚನ ಮಾಡಿದನು. ಆ ಪ್ರವಚನಗಳಲ್ಲಿ ಶಮನದ ಅಭ್ಯಾಸಕ್ಕಿಂತ ಅಳುವಿನ ವಿಚಾರವೇ ಹೆಚ್ಚು. ಮನುಷ್ಯನ ದುಃಖದಲ್ಲಿ ಭಗವಂತನೂ ಗುಟ್ಟಾಗಿ ಅಳುತ್ತಾನೆಂಬ ಹಳೆಯ ಭಾವನೆಯನ್ನು ಹಿಡಿದು, ಒಂಟಿಯಾಗಿ ಅಳುವವನು ಮುರಿದುಬೀಳಬಹುದು, ಆ ಒಳಮನೆಯನ್ನು ಹೊಕ್ಕು ಅವನೊಡನೆ ಅಳುವವನಿಗೆ ಮತ್ತೆ ಕೆಲಸಮಾಡುವ ಬಲವು ಬರುವುದೆಂಬ ದಿಕ್ಕಿನಲ್ಲಿ ಅವನ ವಿಚಾರವು ಸಾಗುತ್ತದೆ. ‘ಸೀಯಹ್’ ಎಂಬುದು ಇಲ್ಲಿ ಎರಡು ಕಡೆಯ ಅಳಲಾಯಿತು. ಇವನು 1943ರಲ್ಲಿ ನಾಜಿಗಳ ಶಿಬಿರದಲ್ಲಿ ಹತನಾದನು. ಗೆಟ್ಟೋವಿನ ಗುಪ್ತ ದಾಖಲೆಗಳೊಡನೆ ಹೂಳಿಟ್ಟಿದ್ದ ಅವನ ಹಸ್ತಪ್ರತಿಗಳು, ಯುದ್ಧಾನಂತರ ವಾರ್ಸಾದ ಅವಶೇಷಗಳನ್ನು ಅಗೆಯುವಾಗ 1950ರಲ್ಲಿ ದೊರೆತುವು. ಸಿಕ್ಕಿದವರು ಇವನ್ನು ತನ್ನ ತಮ್ಮನಿಗೆ ತೆಲ್ ಅವೀವಿಗೆ ಕಳುಹಿಸಬೇಕೆಂದು ಬೇಡಿಕೊಂಡ ಪತ್ರವೊಂದು ಜೊತೆಯಲ್ಲಿತ್ತು. ಪ್ರವಚನಗಳು 1960ರಲ್ಲಿ ‘ಪವಿತ್ರಾಗ್ನಿ’ ಎಂಬರ್ಥದ ಹೆಸರಿನಲ್ಲಿ ಅಚ್ಚಾದುವು. ಮೂಲಪ್ರತಿಯ ಹಾಳೆಗಳು ವಾರ್ಸಾದ ಯೆಹೂದೀ ಇತಿಹಾಸಸಂಸ್ಥೆಯಲ್ಲಿವೆ. ಅವು ಸೇರಿದ್ದ ಆ ಗುಪ್ತಭಂಡಾರಕ್ಕೆ ಅದನ್ನು ಕೂಡಿಸಿದವರು ಇಟ್ಟುಕೊಂಡಿದ್ದ ಸಂಕೇತನಾಮ ‘ಓನೆಗ್ ಶಬ್ಬಾತ್’, ಎಂದರೆ ಸಬ್ಬತ್ತಿನ ಸಂತೋಷ. ಅವರು ಸಭೆ ಸೇರುತ್ತಿದ್ದುದು ಶನಿವಾರಗಳಲ್ಲಿ.